ಬ್ಯಾಟರಿ ಹಾಕಿಸಿದ್ದು ಯಾವ ದಿನ?

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಗ್ಗೆ ಐದೂವರೆಗೆ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಬೀಳಗಿಯಿಂದ ಬಾಗಲಕೋಟೆಗೆ ಹೊರಡುತ್ತೇನೆ. ಡಯಾಲಿಸಿಸ್. ಏಳು ಗಂಟೆಗೆ ಮಷೀನಿಗೆ ಹಾಕಿದರೆ ನಾಲ್ಕು ತಾಸು. ಒಂದು ಸಲ ತಪ್ಪಿದರೂ ನೀರು ಮೈಯಲ್ಲೇ ಉಳಿಯುತ್ತದೆ, ಕಾಲು ಬಾಯುತ್ತವೆ, ರಾತ್ರಿ ಮಲಗಿದರೆ ಉಸಿರು ಹಿಡಿದಂತೆ ಆಗುತ್ತದೆ, ಆಮೇಲೆ ಅವ್ವ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಾಳೆ. ಮೊದಮೊದಲು ಬಸ್ಸಿನಲ್ಲಿ ಹೋಗಿ ನೋಡಿದೆವು. ಹೋಗುವಾಗ ಪರವಾಗಿಲ್ಲ. ಬರುವಾಗ ಅವಳಿಗೆ ನಿಲ್ಲೋಕೂ ಆಗಲ್ಲ. ಹಾಗಾಗಿ ಕಾರು ಬೇಕೇ ಬೇಕು, ಮತ್ತು ಅದು ಬೆಳಗ್ಗೆ ಐದೂವರೆಗೆ ಚಾಲೂ ಆಗಲೇ ಬೇಕು.

ಕಳೆದ ಚಳಿಗಾಲದಲ್ಲಿ ಅದು ಚಾಲೂ ಆಗುತ್ತಿತ್ತು. ಚಾಲೂ ಆಗಿ ಮೂರ್ನಾಲ್ಕು ಸೆಕೆಂಡಿಗೆ ಬಂದ್ ಬೀಳುತ್ತಿತ್ತು. ಇದನ್ನು ಬರೆಯುತ್ತಿರುವುದು ಅದರ ಬಗ್ಗೆ.

ನಮ್ಮದು ಹದಿನಾರು ವರ್ಷದ ಹಳೆಯ ಸಣ್ಣ ಪೆಟ್ರೋಲ್ ಕಾರು. ಕೀಲಿ ತಿರುವಿದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹತ್ತುತ್ತದೆ, ಎಂಜಿನ್ನಿನ ಸುತ್ತು ತೋರಿಸುವ ಸೂಜಿ ಮೇಲಕ್ಕೆ ಹೋಗುತ್ತದೆ, ಆಮೇಲೆ ಯಾರೋ ಕುತ್ತಿಗೆ ಹಿಡಿದ ಹಾಗೆ ಇಳಿಯುತ್ತಾ ಇಳಿಯುತ್ತಾ ಒಂದು ಸಲ ನಡುಗಿ ನಿಂತುಬಿಡುತ್ತದೆ. ಮತ್ತೆ ತಿರುವು. ಮತ್ತೆ ಅದೇ. ಕಾಲಲ್ಲಿ ಸ್ವಲ್ಪ ರೇಸ್ ಕೊಟ್ಟು ಹಿಡಿದರೆ ನಿಲ್ಲುವುದಿಲ್ಲ. ಕಾಲು ತೆಗೆದರೆ ಬಂದ್. ಹಿಂದೆ ಸೀಟಿನಲ್ಲಿ ಅವ್ವ ಶಾಲು ಹೊದ್ದುಕೊಂಡು ಸುಮ್ನೆ ಕೂತಿರುತ್ತಿದ್ದಳು. ಅವಳು ಏನೂ ಅನ್ನುತ್ತಿರಲಿಲ್ಲ, ಅದೇ ನನಗೆ ಜಾಸ್ತಿ ಕಷ್ಟ ಆಗುತ್ತಿತ್ತು.

ಎಂಜಿನ್ ನಡೆಯೋಕೆ ಬೇಕಾದ್ದು ಪೆಟ್ರೋಲು, ಗಾಳಿ, ಕಿಡಿ, ಜೊತೆಗೆ ಸಿಲಿಂಡರಿನೊಳಗೆ ಸರಿಯಾದ ಒತ್ತಡ. ಇದು ಎಲ್ಲರಿಗೂ ಗೊತ್ತು. ಆದರೆ ನಾವೆಲ್ಲ ಪೆಟ್ರೋಲಿನ ಬಗ್ಗೆಯೇ ಯೋಚನೆ ಮಾಡುತ್ತೇವೆ, ಗಾಳಿಯನ್ನು ಮರೆಯುತ್ತೇವೆ. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಹೆಚ್ಚುಕಡಿಮೆ 14.7 ಕಿಲೋ ಗಾಳಿ ಬೇಕು. ನಾವು ದುಡ್ಡು ಕೊಡುವುದು ಪೆಟ್ರೋಲಿಗೆ ಮಾತ್ರ. ಅದಕ್ಕೇ ಏನೋ, ಗಾಳಿಯ ಕಡೆ ನಮ್ಮ ಲಕ್ಷ್ಯ ಹೋಗುವುದೇ ಇಲ್ಲ.

ನನ್ನ ಲಕ್ಷ್ಯವೂ ಹೋಗಲಿಲ್ಲ. ಗಾಡಿಗೆ ತೊಂದರೆ ಬಂದಾಗ ಸುತ್ತಲಿನವರು ಹೇಳಿದ್ದನ್ನು ಒಂದೊಂದಾಗಿ ಮಾಡಿಸುತ್ತಾ ಹೋದೆ. ಪಕ್ಕದ ಮನೆ ಮಾವ "ಬ್ಯಾಟರಿ ನಾಕ ವರ್ಷ ಆತಲ್ಲ, ತಗದ ಹಾಕು" ಅಂದರು. ಹಾಕಿಸಿದೆ. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿದರು. ಇನ್ನೊಂದು ಕಡೆ ಪೆಟ್ರೋಲ್ ಫಿಲ್ಟರ್. ಅವರೇ ಮುಂದಿನ ವಾರ "ಅಕ್ಕಾರ, ಪಂಪ್ ಹೋಗೇತ್ರಿ, ಟ್ಯಾಂಕ್ ಇಳಸ್ಬೇಕು" ಅಂದರು. ಅವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಹಳೆಯ ಗಾಡಿಯಲ್ಲಿ ಪ್ಲಗ್ಗೂ ಹಳೆಯದೇ, ಫಿಲ್ಟರೂ ಹಳೆಯದೇ, ಬದಲಿಸಿದರೆ ಕೆಟ್ಟದ್ದೇನೂ ಆಗಲ್ಲ. ಆದರೆ ಯಾರೂ ನನ್ನನ್ನು ಒಂದು ಪ್ರಶ್ನೆ ಕೇಳಲಿಲ್ಲ. ಬಾನೆಟ್ ತೆಗೆದರು, ಕೈ ಹಾಕಿದರು, ಅಷ್ಟೇ.

ಊರ ಕಟ್ಟೆಯ ಮೇಲೆ ಕೂತವರು ಎಲ್ಲದಕ್ಕೂ ಹೊಸ ಪೆಟ್ರೋಲಿನ ಮೇಲೆ ಬೆರಳು ತೋರಿಸಿದರು. ನಮ್ಮ ಜಿಲ್ಲೆಯಲ್ಲಿ ಈ ಮಾತು ಜೋರು, ಯಾಕಂದರೆ ಕಬ್ಬು ಬೆಳೆಯುವವರು ನಾವೇ, ಕಬ್ಬಿನಿಂದ ಎಥೆನಾಲ್ ಮಾಡುವ ಕಾರ್ಖಾನೆಗಳೂ ಇಲ್ಲೇ ಇವೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಸೇರಿತು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ ಇದೆ, ಅದು ಹವೆಯಲ್ಲಿನ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ, ಹಳೆಯ ಗಾಡಿಗಳ ಕೆಲವು ರಬ್ಬರ್ ಭಾಗಗಳಿಗೆ ಅದು ಆಗಿಬರಲ್ಲ. ಇದೆಲ್ಲ ನಿಜ. ನನ್ನ ಕಾರಿನ ಮೈಲೇಜು ಸ್ವಲ್ಪ ಇಳಿದದ್ದೂ ನಿಜ. ಆದರೆ ಪೆಟ್ರೋಲೇ ಕಾರಣ ಆಗಿದ್ದರೆ ರೇಸ್ ಕೊಟ್ಟಾಗಲೂ ಗಾಡಿ ಮುಕ್ಕರಿಸಬೇಕಿತ್ತು ಅಲ್ವಾ? ಅದು ಆಗುತ್ತಿರಲಿಲ್ಲ. ಅನಗವಾಡಿಯ ಸೇತುವೆ ಮೇಲೆ ಎಂಭತ್ತರಲ್ಲಿ ಓಡಿಸಿದರೂ ಎಂಜಿನ್ ಒಂದು ಸಲ ಕೂಡ ತಡವರಿಸಿರಲಿಲ್ಲ. ನಿಲ್ಲುತ್ತಿದ್ದದ್ದು ಕಾಲು ತೆಗೆದಾಗ ಮಾತ್ರ.

ಈ ಮಾತು ನನಗೆ ಅಂದು ಹೊಳೆದಿರಲಿಲ್ಲ. ಈಗ ಬರೆಯುವಾಗ ಎಷ್ಟು ಸುಲಭವಾಗಿ ಬರೆಯುತ್ತಿದ್ದೇನೆ.

ಡಿಸೆಂಬರ್ ಕೊನೆಯ ಶುಕ್ರವಾರ ಗದ್ದನಕೇರಿ ಕ್ರಾಸಿನಲ್ಲಿ ತಿರುವಿಗೆ ಕಾಲು ತೆಗೆದೆ, ಕ್ಲಚ್ ಒತ್ತಿದೆ, ಎಂಜಿನ್ ಬಂದ್ ಬಿತ್ತು. ಹಿಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಲಾರಿ. ಎಂಜಿನ್ ನಿಂತರೆ ಸ್ಟೇರಿಂಗ್ ಕಲ್ಲಿನ ಹಾಗೆ ಭಾರ ಆಗುತ್ತದೆ. ಬ್ರೇಕಿಗೆ ಸಹಾಯ ಮಾಡುವ ಬೂಸ್ಟರ್ ಎಂಜಿನ್ ಎಳೆಯುವ ಗಾಳಿಯ ಸೆಳೆತದಿಂದ ಕೆಲಸ ಮಾಡುತ್ತದೆ, ಎಂಜಿನ್ ನಿಂತ ಮೇಲೆ ಒಂದೆರಡು ಸಲ ಒತ್ತುವಷ್ಟು ಮಾತ್ರ ಅದರಲ್ಲಿ ಉಳಿದಿರುತ್ತದೆ. ಆಮೇಲೆ ಪೆಡಲ್ ಗಟ್ಟಿ. ನಿಮ್ಮ ಗಾಡಿ ಹೀಗೆ ನಡುದಾರಿಯಲ್ಲಿ ನಿಂತರೆ ಬ್ರೇಕನ್ನು ಪಂಪ್ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬದಿಗೆ ತಗೊಳ್ಳಿ. ನಾನು ಹೇಗೋ ಬದಿಗೆ ತಂದೆ. ಕೈ ನಡುಗುತ್ತಿತ್ತು. ಅವ್ವ ಹಿಂದಿನಿಂದ ನನ್ನ ಹೆಗಲ ಮೇಲೆ ಕೈ ಇಟ್ಟಳು.

ಅವತ್ತು ಅವ್ವನನ್ನು ಮಷೀನಿಗೆ ಬಿಟ್ಟು, ಒಂದು ಕಾಲನ್ನು ರೇಸಿನ ಮೇಲೇ ಇಟ್ಟುಕೊಂಡು, ವಾಪಸ್ ಕ್ರಾಸಿಗೆ ಬಂದೆ. ಅಲ್ಲಿ ಬದಿಗೆ ನಿಂತಾಗ ಗಾಡಿ ತಳ್ಳಲು ಬಂದಿದ್ದ ಹುಡುಗ "ಆ ಕಾಕಾನ ಕಡೆ ತೋರಸ್ರಿ" ಅಂತ ಒಂದು ತಗಡಿನ ಶೆಡ್ ತೋರಿಸಿದ್ದ. ಹೊರಗೆ ಎರಡು ಟ್ರ್ಯಾಕ್ಟರು, ಒಂದು ಟಂಟಂ. ಕಾಕಾ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ವಯಸ್ಸು ಅರವತ್ತು ದಾಟಿರಬೇಕು. ನಾನು ಬಾನೆಟ್ ತೆಗೆಯಲು ಹೋದರೆ ತಡೆದರು.

"ಇರ್ಲಿ ಬಿಡವಾ. ಮೊದ್ಲ ಹೇಳು. ಯಾವಾಗ ಬಂದ್ ಬೀಳತೈತಿ? ಥಂಡಿ ಇದ್ದಾಗೋ, ಬಿಸಿ ಆದ ಮ್ಯಾಲೋ?"

"ಎರಡೂ ಹೊತ್ನಾಗ ಕಾಕಾ. ಆದ್ರ ಥಂಡಿ ಇದ್ದಾಗ ಜಾಸ್ತಿ."

"ರೇಸ್ ಹಿಡಿದ್ರ?"

"ನಿಲ್ಲಾಂಗಿಲ್ಲ. ಚಲೋ ನಡೀತೈತಿ."

"ಕೀಲಿ ಹಾಕಿದ ಕೂಡಲೇ ಹಿಂದ ಟ್ಯಾಂಕಿನ ಕಡೆ ಗುಂಯ್ ಅಂತ ಸಪ್ಪಳ ಬರತೈತೇನು, ಎರಡು ಸೆಕೆಂಡ್?"

ಅದು ನನಗೆ ಗೊತ್ತಿರಲಿಲ್ಲ. ಅವರೇ ಕೀಲಿ ತಿರುವಿ ನನ್ನನ್ನು ಹಿಂದೆ ನಿಲ್ಲಿಸಿ ಕೇಳಿಸಿದರು. ಸಣ್ಣಗೆ, ದುಂಬಿ ಹಾರಿದ ಹಾಗೆ, ಒಂದೆರಡು ಸೆಕೆಂಡ್. ಪೆಟ್ರೋಲ್ ಪಂಪ್ ಒತ್ತಡ ತುಂಬಿಸಿಕೊಳ್ಳುವ ಸಪ್ಪಳ ಅದು. ಎಷ್ಟು ವರ್ಷ ಓಡಿಸಿದ್ದೇನೆ, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಕೀಲಿಯ ಚಿತ್ರದ ದೀಪ ಮಿಣಕ್ ಮಿಣಕ್ ಅನ್ನುತ್ತದೆಯೋ ಅಂತಲೂ ನೋಡಿದರು. ಕಳ್ಳತನ ತಡೆಯುವ ವ್ಯವಸ್ಥೆ ಕೀಲಿಯನ್ನು ಗುರುತಿಸದಿದ್ದರೆ ಕೆಲವು ಗಾಡಿಗಳು ಚಾಲೂ ಆಗಿ ಒಂದೆರಡು ಸೆಕೆಂಡಿಗೆ ನಿಲ್ಲುತ್ತವೆ. ಆದರೆ ಆಗ ರೇಸ್ ಹಿಡಿದರೂ ನಿಲ್ಲುತ್ತವೆ. ನಮ್ಮದು ಹಾಗಲ್ಲ. ಚೆನ್ನಾಗಿ ಓಡಿ ಬಿಸಿಯಾದ ಮೇಲೆ ತಟ್ಟನೆ ನಿಂತು, ಅರ್ಧ ತಾಸು ಬಿಟ್ಟು ಮತ್ತೆ ಹತ್ತಿದರೆ ಅವರ ಅನುಮಾನ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಹೋಗುತ್ತದಂತೆ. ನಮ್ಮದು ಅದೂ ಅಲ್ಲ. ಕಾಕಾ ಇನ್ನೂ ಒಂದು ಸ್ಪ್ಯಾನರ್ ಮುಟ್ಟಿರಲಿಲ್ಲ, ಆಗಲೇ ಪಂಪ್, ಕೀಲಿ, ಸೆನ್ಸರ್ ಮೂರೂ ಪಟ್ಟಿಯಿಂದ ಹೋಗಿದ್ದವು.

"ಸ್ಲೋ ಹಿಡಿವಲ್ದು ಅಷ್ಟ," ಅಂದರು. ರೇಸ್ ಕೊಡದೆ ಎಂಜಿನ್ ತನ್ನಷ್ಟಕ್ಕೆ ನಡೆಯುವುದಕ್ಕೆ ನಮ್ಮ ಕಡೆ ಸ್ಲೋ ಅಂತಾರೆ.

ಪಕ್ಕದಲ್ಲಿ ಟ್ರ್ಯಾಕ್ಟರ್ ಬಿಚ್ಚುತ್ತಿದ್ದ ಹುಡುಗ "ಪೈಪ್ ಸೀಳಿ ಗಾಳಿ ಎಳಿತಿರಬೇಕು" ಅಂದ. ಕಾಕಾ ತಲೆ ಅಲ್ಲಾಡಿಸಿದರು. ಈ ಗಾಡಿ ಒಳಗಿನ ಗಾಳಿಯ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ, ಇಂಥದ್ದರಲ್ಲಿ ಪೈಪ್ ಸೀಳಿ ಹೊರಗಿನ ಗಾಳಿ ನುಗ್ಗಿದರೆ ಕಂಪ್ಯೂಟರ್ ಪೆಟ್ರೋಲನ್ನೂ ಜಾಸ್ತಿ ಮಾಡುತ್ತದೆ, ಸಾಮಾನ್ಯವಾಗಿ ಸ್ಲೋ ಏರುತ್ತದೆ, ಇಳಿಯೋದಿಲ್ಲ ಅಂದರು. ಗಾಳಿಯನ್ನೇ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಹುಡುಗ ಹೇಳಿದ್ದು ಸರಿ, ಸೆನ್ಸರಿಗೆ ಕಾಣದೆ ಒಳಗೆ ಬಂದ ಗಾಳಿಗೆ ಪೆಟ್ರೋಲ್ ಸಿಗದೆ ಎಂಜಿನ್ ನಿಲ್ಲುತ್ತದೆ. ಒಂದೇ ಸೀಳು, ಎರಡು ಗಾಡಿಯಲ್ಲಿ ಎರಡು ತರಹ. ಆದರೂ ಅನುಮಾನ ಬೇಡ ಅಂತ ಎಲ್ಲ ರಬ್ಬರ್ ಪೈಪುಗಳನ್ನೂ ಬೆರಳಲ್ಲಿ ಮಡಚಿ ನೋಡಿದರು. ಎಲ್ಲೂ ಸೀಳು ಇರಲಿಲ್ಲ.

ಆಮೇಲೆ ಅವರು ಕೇಳಿದ್ದೇ ಈ ಬರಹದ ತಲೆಬರಹ.

"ಬ್ಯಾಟರಿ ಹೊಸಾದು ಕಾಣತೈತಿ. ಹಾಕಿಸಿದ್ದು ಯಾವ ದಿನ?"

ನನ್ನ ಬಳಿ ಉತ್ತರ ಇತ್ತು. ಅವ್ವನ ಡಯಾಲಿಸಿಸ್ ಶುರುವಾದಾಗಿನಿಂದ ಒಂದು ನೂರು ಹಾಳೆಯ ನೋಟ್‌ಬುಕ್ ಇಟ್ಟಿದ್ದೇನೆ. ಹೋಗುವ ಮುಂಚಿನ ತೂಕ, ಬಂದ ಮೇಲಿನ ತೂಕ, ಬಿಪಿ, ಏನು ತಿಂದಳು, ಕಾಲು ಬಾತಿವೆಯೋ ಇಲ್ಲವೋ. ಆ ದಿನಗಳಲ್ಲಿ ಕಾರು ಕಾಡಿದ್ದನ್ನೂ ಅದೇ ಹಾಳೆಯ ಅಂಚಿನಲ್ಲಿ ಗೀಚಿದ್ದೆ. ಪರ್ಸಿನಿಂದ ತೆಗೆದು ಓದಿದೆ. ನವೆಂಬರ್ 11, ಕಾಲು ತೆಗೆದಾಗ ನಡುಕ. ನವೆಂಬರ್ 25, ಆಸ್ಪತ್ರೆ ಗೇಟಿನಲ್ಲಿ ಒಮ್ಮೆ ಬಂದ್. ಡಿಸೆಂಬರ್ 8, ಹೊಸ ಬ್ಯಾಟರಿ. ಡಿಸೆಂಬರ್ 9, ಬೆಳಗ್ಗೆ ನಾಲ್ಕು ಸಲ ಬಂದ್.

ಕಾಕಾ ಚಹಾದ ಲೋಟ ಕೆಳಗಿಟ್ಟರು. "ನೋಡು, ನೀನ ಬರದೀ. ಬ್ಯಾಟರಿ ತಗದ ಮರುದಿನಾನ ಜೋರ ಆತು."

ಹೊಸ ಬ್ಯಾಟರಿ ಹಾಕಿದ ಮೇಲೆ ರೋಗ ಯಾಕೆ ಜಾಸ್ತಿ ಆಗಬೇಕು? ಅವರು ನಿಧಾನವಾಗಿ ಹೇಳಿದರು, ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನಾವು ರೇಸ್ ಒತ್ತಿದಾಗ ಗಾಳಿ ಬರುವ ದಾರಿಯಲ್ಲಿ ಒಂದು ದುಂಡನೆಯ ತಗಡು ತೆರೆಯುತ್ತದೆ. ಅದು ಥ್ರಾಟಲ್. ಕಾಲು ತೆಗೆದರೆ ಅದು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತದೆ. ಆಗ ಎಂಜಿನ್ ಉಸಿರಾಡುವುದು ಪಕ್ಕದ ಒಂದು ಸಣ್ಣ ಓಣಿಯಂಥ ದಾರಿಯಿಂದ, ಕಿರುಬೆರಳು ಹೋಗುವಷ್ಟು. ಆ ದಾರಿಯಲ್ಲಿ ಒಂದು ಪುಟ್ಟ ಮೋಟಾರು, ಅದರ ತುದಿಗೆ ಗೋಪುರದ ಆಕಾರದ ಒಂದು ಮೊಳೆ. ಕಂಪ್ಯೂಟರ್ ಅದನ್ನು ಹಿಂದೆ ಮುಂದೆ ಸರಿಸುತ್ತಾ ಎಷ್ಟು ಬೇಕೋ ಅಷ್ಟೇ ಗಾಳಿ ಬಿಟ್ಟು ಎಂಜಿನನ್ನು ನಿಮಿಷಕ್ಕೆ 800-900 ಸುತ್ತಿನಲ್ಲಿ ಹಿಡಿದಿಡುತ್ತದೆ. ಥಂಡಿ ಇದ್ದಾಗ ಆಯಿಲ್ ಗಟ್ಟಿ ಇರುತ್ತದೆ, ತಿರುಗಲು ಭಾರ, ಪೆಟ್ರೋಲೂ ಚೆನ್ನಾಗಿ ಆವಿಯಾಗಲ್ಲ, ಹಾಗಾಗಿ ಪೆಟ್ರೋಲನ್ನೂ ಗಾಳಿಯನ್ನೂ ಜಾಸ್ತಿ ಬಿಡಬೇಕು. ಈಗ ಆ ಓಣಿಯಲ್ಲಿ ವರ್ಷಗಟ್ಟಲೆ ಮಸಿ ಕೂತಿದೆ ಅಂದುಕೊಳ್ಳಿ. ಎಂಜಿನ್ನಿನ ಕೆಳಗಿನಿಂದ ಬರುವ ಆಯಿಲಿನ ಹಬೆ ಒಂದು ಪೈಪಿನ ಮೂಲಕ ಅಲ್ಲಿಗೇ ಬಂದು ಸೇರುತ್ತದೆ, ಅದಕ್ಕೆ ನಮ್ಮ ಎರಿ ಮಣ್ಣಿನ ಸಣ್ಣ ಧೂಳು ಅಂಟುತ್ತದೆ, ಡಾಂಬರಿನ ಹಾಗೆ ಗಟ್ಟಿಯಾಗುತ್ತದೆ. ದಾರಿ ಕಿರಿದಾಗುತ್ತಾ ಹೋಗುತ್ತದೆ. ಆದರೆ ಗಾಡಿ ತಕ್ಷಣ ನಿಲ್ಲಲ್ಲ. ಕಂಪ್ಯೂಟರ್ ಮೊಳೆಯನ್ನು ಸ್ವಲ್ಪ ಹಿಂದೆ ಸರಿಸುತ್ತದೆ. ಮತ್ತಷ್ಟು ಮಸಿ, ಮತ್ತಷ್ಟು ಹಿಂದೆ. ಇಷ್ಟು ಸರಿಸಿದರೆ ಸಾಕು ಅಂತ ಅದು ಕಲಿತು ನೆನಪಿಟ್ಟುಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ ಸಂಭಾಳಿಸಿಕೊಂಡು ಬಂದಿದೆ, ಒಳಗೆ ಕುಳಿತವರಿಗೆ ಗೊತ್ತೇ ಆಗದ ಹಾಗೆ.

ಬ್ಯಾಟರಿ ಬಿಚ್ಚಿದಾಗ ಆ ನೆನಪು ಅಳಿಸಿಹೋಯಿತು. ಕಂಪ್ಯೂಟರ್ ಹೊಸ ಗಾಡಿಗೆ ಇಟ್ಟಷ್ಟೇ ಮೊಳೆ ತೆರೆಯಿತು. ಹೊಸ ಗಾಡಿಗೆ ಅದು ಸಾಕು. ಮಸಿ ತುಂಬಿದ ಗಾಡಿಗೆ ಉಸಿರು ಸಾಲಲಿಲ್ಲ.

ಚೆಕ್ ಎಂಜಿನ್ ದೀಪ ಯಾಕೆ ಹತ್ತಲಿಲ್ಲ ಅಂತ ಕೇಳಿದೆ. ವೈರ್ ಕಡಿದರೆ, ಸೆನ್ಸರಿನ ಲೆಕ್ಕ ಮಿತಿ ಮೀರಿದರೆ ಅದು ಹತ್ತುತ್ತದೆ, ಇಲ್ಲಿ ವೈರೂ ಸರಿ ಇದೆ, ಮೋಟಾರೂ ಸರಿ ಇದೆ, ದಾರಿ ಮಾತ್ರ ಕಟ್ಟಿದೆ ಅಂದರು.

ಕೆಲಸ ಒಂದೂವರೆ ತಾಸು. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರು, ಥ್ರಾಟಲ್ ಇಳಿಸಿದರು. ಒಳಗೆ ನೋಡಿ ನನಗೆ ಸಂಕಟ ಆಯಿತು. ಬೆಳ್ಳಗಿರಬೇಕಾದ ಲೋಹ ಒಲೆಯ ಮೇಲಿನ ಹಂಚಿನ ಹಾಗೆ ಕಪ್ಪಾಗಿತ್ತು. ಮೋಟಾರನ್ನು ಬೇರೆ ಮಾಡಿ ಇಟ್ಟರು, ಅದರ ಮೈ ಮೇಲೆ ಸ್ಪ್ರೇ ಬೀಳಬಾರದು, ಮೊಳೆಯನ್ನು ಕೈಯಿಂದ ಒತ್ತಲೂಬಾರದು, ಒಳಗಿನ ಹಲ್ಲು ಮುರಿಯುತ್ತದೆ. ಥ್ರಾಟಲ್ ತೊಳೆಯುವ ಸ್ಪ್ರೇ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿದರು. ಬ್ಲೇಡಿನಿಂದ ಕೆರೆಯಬಾರದಂತೆ. ನಾನೂ ಒಂದು ತುಂಡು ಬಟ್ಟೆ ಹಿಡಿದು ಕೂತೆ. ಏರ್ ಫಿಲ್ಟರ್ ಕುಟ್ಟಿದರೆ ಜೋಳದ ಹೊಟ್ಟು ಉದುರಿತು. ಕಣಿಕೆ ಒಟ್ಟುವ ಜಾಗದ ಪಕ್ಕದಲ್ಲೇ ಕಾರು ನಿಲ್ಲಿಸುವವರಿಗೆ ಇದು ಗೊತ್ತಿರಲಿ. ಆಯಿಲ್ ಕೋಲು ಎಳೆದು ನೋಡಿದರೆ ಮೇಲಿನ ಗುರುತಿಗಿಂತ ಒಂದು ಬೆರಳು ಜಾಸ್ತಿ ಇತ್ತು. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ನಾನೇ ಸುರಿದಿದ್ದೆ. ಆಯಿಲ್ ಜಾಸ್ತಿಯಾದರೆ ಹಬೆಯೂ ಜಾಸ್ತಿ, ಹಬೆ ಜಾಸ್ತಿಯಾದರೆ ಮಸಿಯೂ ಜಾಸ್ತಿ. ಅವರು ಸ್ವಲ್ಪ ಇಳಿಸಿದರು.

ಕೂಡಿಸಿದ ಮೇಲೆ ಎ.ಸಿ., ದೀಪ ಎಲ್ಲ ಬಂದ್ ಮಾಡಿ, ರೇಸ್ ಮುಟ್ಟದೆ, ರೇಡಿಯೇಟರಿನ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಚಾಲೂ ಬಿಟ್ಟರು. ಆಮೇಲೆ ಎ.ಸಿ. ಹಾಕಿ ಒಂದಷ್ಟು ಹೊತ್ತು. ಕಂಪ್ಯೂಟರ್ ಹೊಸದಾಗಿ ಕಲಿಯಬೇಕಲ್ಲ. ಇದರ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಇದನ್ನು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಮಾಡಬೇಡಿ, ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷದ ಗಾಳಿ ಇರುತ್ತದೆ, ಜೀವ ಹೋಗುತ್ತದೆ. ಕಾಕಾ ತಗೊಂಡದ್ದು 600 ರೂಪಾಯಿ. ಅದಕ್ಕೂ ಮುಂಚೆ ನಾನು ಬ್ಯಾಟರಿ, ಪ್ಲಗ್, ಫಿಲ್ಟರ್ ಅಂತ ಏಳು ಸಾವಿರ ದಾಟಿದ್ದೆ.

ಆಸ್ಪತ್ರೆಗೆ ವಾಪಸ್ ಬಂದಾಗ ಅವ್ವನದು ಇನ್ನೂ ಅರ್ಧ ತಾಸು ಇತ್ತು. ಗಾಜಿನ ಬಾಗಿಲಾಚೆ ಕೂತು ಅವಳ ಮಷೀನಿನ ಪೈಪಿನಲ್ಲಿ ರಕ್ತ ತಿರುಗುವುದನ್ನು ನೋಡುತ್ತಿದ್ದೆ. ಕಾಕಾ ಹೇಳಿದ್ದು ತಲೆಯಿಂದ ಹೋಗಲಿಲ್ಲ. ಸಂಭಾಳಿಸಿಕೊಂಡು ಬಂದಿದೆ.

ಅವ್ವನಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದೆವು, ಕ್ರಿಯಾಟಿನಿನ್, ಅಂದರೆ ಕಿಡ್ನಿ ರಕ್ತದಿಂದ ಸೋಸಿ ತೆಗೆಯಬೇಕಾದ ಕಸ, ನಾರ್ಮಲ್ ಅಂತ ಬರುತ್ತಿತ್ತು, ನಾವು ನಿಶ್ಚಿಂತೆ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿವೆ, ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಕೆಲವು ಜರಡಿ ಸತ್ತರೆ ಉಳಿದವು ಆ ಕೆಲಸವನ್ನು ಹೊತ್ತುಕೊಳ್ಳುತ್ತವೆ. ಹೆಚ್ಚುಕಡಿಮೆ ಅರ್ಧ ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಅಷ್ಟಾಗಿ ಏರುವುದೇ ಇಲ್ಲ. ಮುಂಚೆಯೇ ಸುಳಿವು ಕೊಡುವುದು ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಅನ್ನುವ ಪ್ರೋಟೀನ್, ಆ ಪರೀಕ್ಷೆ ನಾವು ಮಾಡಿಸಿರಲಿಲ್ಲ. ಮೂತ್ರದಲ್ಲಿ ನೊರೆ ಬರತೈತಿ ಅಂತ ಅವ್ವ ಒಂದು ಸಲ ಹೇಳಿದ್ದಳು. ಯಾವ ವರ್ಷ ಹೇಳಿದಳು? ನನಗೆ ನೆನಪಿಲ್ಲ. ಆಗ ನೋಟ್‌ಬುಕ್ ಇರಲಿಲ್ಲ. ಸಕ್ಕರೆ ಕಾಯಿಲೆಯ ಅವ್ವ ಅಪ್ಪ ಮನೆಯಲ್ಲಿ ಇದ್ದರೆ ರಕ್ತದ ಜೊತೆ ಮೂತ್ರದ ಆ ಪರೀಕ್ಷೆಯನ್ನೂ ಪ್ರತಿ ವರ್ಷ ಮಾಡಿಸಿ. ಕಾರಿನ ಬಗ್ಗೆ ಓದಲು ಬಂದವರಿಗೆ ಇದನ್ನು ಹೇಳುತ್ತಿದ್ದೇನೆ, ಆದರೂ ಹೇಳುತ್ತೇನೆ.

ಮುಂದಿನ ಮಂಗಳವಾರ ಚಳಿ ಜೋರಿತ್ತು, ಗಾಜಿನ ಮೇಲೆಲ್ಲ ಇಬ್ಬನಿ. ಅವ್ವನನ್ನು ಹಿಂದೆ ಕೂರಿಸಿ, ಕೀಲಿ ಅರ್ಧ ತಿರುವಿ ಕಿವಿ ಕೊಟ್ಟೆ. ದುಂಬಿಯ ಸಪ್ಪಳ ಬಂತು, ನಿಂತಿತು. ಪೂರ್ತಿ ತಿರುವಿದೆ. ಕಾಲು ಪೆಡಲಿನಿಂದ ದೂರ ಇಟ್ಟಿದ್ದೆ. ಸೂಜಿ ಏರಿತು, 1,300ರ ಹತ್ತಿರ ನಿಂತಿತು, ಇಳಿಯಲಿಲ್ಲ. ಬಿಸಿಯಾಗುತ್ತಾ ಹೋದ ಹಾಗೆ ತಾನೇ ನಿಧಾನವಾಗಿ 850ಕ್ಕೆ ಬಂದು ಕೂತಿತು. ನಾನು ಒಳಗಿನ ದೀಪ ಹಾಕಿ ನೋಟ್‌ಬುಕ್ ತೆಗೆದು, ಅವ್ವನ ಬೆಳಗಿನ ತೂಕದ ಪಕ್ಕದಲ್ಲಿ ಎರಡೂ ಅಂಕಿ ಬರೆದೆ.

ಅವ್ವ ಹಿಂದಿನಿಂದ ಬಗ್ಗಿ ನೋಡಿದಳು. "ನನ್ನ ತೂಕದ ಬಾಜೂಕ ಅದೇನ ಬರದೀ?"

"ಕಾರಿಂದ ಅವ್ವಾ."

"ಅದಕ್ಕೂ ಒಂದು ಬ್ಯಾರೆ ಹಾಳಿ ಕೊಡು. ಅದೂ ದುಡಿಯಾಕತ್ತೈತಿ."

ನೋಟ್‌ಬುಕ್ಕನ್ನು ತಿರುಗಿಸಿ, ಹಿಂದಿನ ಕಡೆಯಿಂದ ಮೊದಲ ಹಾಳೆಯ ಮೇಲೆ ತಾರೀಖು ಹಾಕಿದೆ. ಆಮೇಲೆ ಗೇರ್ ಹಾಕಿ ಹೊರಟೆವು.